ಬೇಡಿದ್ದು ಲಂಕೆ, ಸಿಕ್ಕಿದ್ದು ಕೆನರಾ

ಮಡಂತ್ಯಾರಿನ ಕೊಂಕಣಿ ಮನೆಗಳಲ್ಲಿ 'ದೆವಾಚಿ ಖುಶಿ' ಎಂಬ ಮಾತು ಕೇಳಿಬರುವುದು ಹೆಚ್ಚಾಗಿ ಕೆಲಸ ಕೆಟ್ಟ ಮೇಲೆ. ಅಡಿಕೆಗೆ ಕೊಳೆರೋಗ ತಗಲಿ ಎಳೆಗಾಯಿ ಉದುರಿದರೆ ದೇವರ ಚಿತ್ತ, ಕುವೈತಿನ ವೀಸಾ ಕೈತಪ್ಪಿದರೆ ದೇವರ ಚಿತ್ತ, ನಿಶ್ಚಯವಾದ ಸಂಬಂಧ ಮುರಿದರೂ ಅದೇ. ವೀಸಾ ಬಂದ ದಿನ ಮಾತ್ರ ಮಾತೆಲ್ಲ ಏಜೆಂಟನ ಚುರುಕುತನದ ಬಗ್ಗೆ. ಇದರಲ್ಲಿ ತಪ್ಪು ಹುಡುಕಬೇಕಾದ್ದಿಲ್ಲ, ಕೈಮೀರಿದ್ದಕ್ಕೆ ಸಮಾಧಾನ ಹೇಳಿಕೊಳ್ಳಲು ಎಲ್ಲರಿಗೂ ಒಂದು ಮಾತು ಬೇಕು. ಆದರೆ ಕೆಲಸ ಶುರುವಾಗುವ ಮೊದಲೇ, ಫಲ ಏನೆಂದು ಗೊತ್ತಿಲ್ಲದಾಗಲೇ, ತನ್ನ ಇಷ್ಟವನ್ನು ದೇವರ ಕೈಗೆ ಬಿಡುವುದು ಹೇಗೆ? ಬಿಟ್ಟ ಮೇಲೆ ಸುಮ್ಮನೆ ಕೂರುವುದೋ? ಮನಸ್ಸಿನಲ್ಲಿ ಏಳುವ ಆಸೆ ನನ್ನದೋ ಅವನು ಹುಟ್ಟಿಸಿದ್ದೋ ಎಂದು ತಿಳಿಯುವುದಾದರೂ ಹೇಗೆ?

ಇದಕ್ಕೆ ತಮ್ಮದೇ ದಾರಿ ಕಂಡುಕೊಂಡ ಒಬ್ಬರು ನಮ್ಮ ಈ ಸೀಮೆಯಲ್ಲೇ ಓಡಾಡಿದ್ದರು. ಮಡಂತ್ಯಾರಿನಿಂದ ಪುಂಜಾಲಕಟ್ಟೆ, ಬಿ.ಸಿ.ರೋಡ್ ದಾಟಿ, ನೇತ್ರಾವತಿಯ ಸೇತುವೆ ಹಾದು, ಮೆಲ್ಕಾರಿನಲ್ಲಿ ತಿರುಗಿ ಹೋದರೆ ಮುಡಿಪು ಸಿಗುತ್ತದೆ. ಅಲ್ಲಿನ ಪುಣ್ಯಕ್ಷೇತ್ರ ಸಂತ ಜೋಸೆಫ್ ವಾಜರ ಹೆಸರಿನದು.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು ಗೋವಾದ ಬಾಣಾವಳಿಯಲ್ಲಿ, ತಾಯಿಯ ಊರಿನಲ್ಲಿ. ತಂದೆಯ ಊರು ಸಾಂಕವಾಳ. 1676ರಲ್ಲಿ ಗುರುದೀಕ್ಷೆಯಾಯಿತು. ಮರುವರ್ಷ ಆಗಸ್ಟ್ 5ರಂದು ಸಾಂಕವಾಳದ ಇಗರ್ಜಿಯಲ್ಲಿ ಈ ಇಪ್ಪತ್ತಾರರ ಪಾದ್ರಿ ಒಂದು ಕಾಗದ ಬರೆದು ಸಹಿ ಹಾಕಿದರು. ಅದು ಪ್ರಾರ್ಥನೆಯ ಧಾಟಿಯಲ್ಲಿರಲಿಲ್ಲ, ಅಪ್ಪಟ ದಸ್ತಾವೇಜಿನ ಧಾಟಿಯಲ್ಲಿತ್ತು. ಇದನ್ನು ಕಂಡವರೆಲ್ಲರಿಗೂ ತಿಳಿದಿರಲಿ ಎಂಬಂತೆ ಆರಂಭ. ಬರೆದುಕೊಡುವವನ ಹೆಸರು. ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ, ಜೀವಂತ ಇರುವಾಗಲೇ ಕೊಡುವ, ಮತ್ತೆ ಹಿಂದಕ್ಕೆ ಪಡೆಯಲಾಗದ ದಾನ ಇದು ಎಂಬ ಕಾನೂನಿನ ಷರತ್ತು. ದಾನವಾಗಿ ಕೊಟ್ಟ ಸ್ವತ್ತು ತಾನೇ. ದೇವಮಾತೆಯ ಶಾಶ್ವತ ಗುಲಾಮನಾಗಿ ತನ್ನನ್ನು, ತನ್ನದೆಲ್ಲವನ್ನು ಆಕೆಗೆ, ಆಕೆಯ ಮೂಲಕ ಮಗನಿಗೆ ಒಪ್ಪಿಸಿದ ಪತ್ರ.

ಬೆಳ್ತಂಗಡಿ, ಬಂಟ್ವಾಳದ ಕಡೆಯವರಿಗೆ ಇಂಥ ಕಾಗದದ ಭಾರ ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗಬೇಕು. ಮೂಲಗೇಣಿ, ಚಾಲಗೇಣಿ ಎಂದು ತಲೆಮಾರುಗಟ್ಟಲೆ ಇನ್ನೊಬ್ಬರ ಭೂಮಿಯಲ್ಲಿ ಬೆವರು ಸುರಿಸಿ, 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್ ಕೊಟ್ಟು ಒಕ್ಕಲುಗಳು ಹಕ್ಕುದಾರರಾದ ಸೀಮೆ ಇದು. 'ನನ್ನದು' ಎಂದು ಹೇಳುವ ಒಂದು ಹಾಳೆಗಾಗಿ ಟ್ರಿಬ್ಯೂನಲ್ಲಿನ ಮುಂದೆ ವರ್ಷಗಟ್ಟಲೆ ಕಾದವರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದಾರೆ. ವಾಜ್ ಅದನ್ನೇ ತಿರುವುಮುರುವು ಮಾಡಿದರು: ಹಕ್ಕು ಬಿಟ್ಟುಕೊಡಲು ಪತ್ರ ಬರೆದರು.

ಬರೆದದ್ದೇನೋ ಆಯಿತು. ಬರೆದು ಮುಗಿಸಿದ ಮಾತ್ರಕ್ಕೆ ಆಸೆಗಳು ಮನೆ ಖಾಲಿ ಮಾಡುವುದಿಲ್ಲ. ವಾಜರಿಗೆ ಇದ್ದದ್ದು ಒಂದು ದೊಡ್ಡ ಆಸೆ. ಲಂಕೆಯ ಕರಾವಳಿ ಪೋರ್ಚುಗೀಸರ ಕೈಬಿಟ್ಟು ಡಚ್ಚರ ಪಾಲಾಗಿ, ಅಲ್ಲಿನ ಕ್ಯಾಥೊಲಿಕರು ಪಾದ್ರಿಗಳೇ ಇಲ್ಲದೆ ಬದುಕುತ್ತಿದ್ದರು. ತಾನು ಅಲ್ಲಿಗೆ ಹೋಗಬೇಕು. ಗೋವಾದ ಮೇಲಿನವರನ್ನು ಕೇಳಿದರು. ಅವರು ಕಳಿಸಿದ್ದು ಕೆನರಾಕ್ಕೆ, 1681ರಲ್ಲಿ.

ಅದು ಯಾರೂ ಆಸೆಪಟ್ಟು ಕೇಳಿ ಪಡೆಯುವ ಹುದ್ದೆಯಲ್ಲ. ಆಗ ಇಲ್ಲಿ ಕೆಳದಿಯ ಚೆನ್ನಮ್ಮನ ಆಳ್ವಿಕೆ. 1678ರ ಒಪ್ಪಂದದಲ್ಲಿ ಪೋರ್ಚುಗೀಸರಿಗೆ ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಆಕೆಯ ಅನುಮತಿ ಸಿಕ್ಕಿತ್ತು. ಸಂಕಟ ಬಂದದ್ದು ಒಳಗಿನಿಂದಲೇ. ಮಂಗಳೂರಿನಲ್ಲಿ ಬಿಷಪ್ ಥಾಮಸ್ ದೆ ಕ್ಯಾಸ್ಟ್ರೊ ಇದ್ದರು. ರೋಮ್ ನೇರವಾಗಿ ನೇಮಿಸಿದವರು. ಕೆನರಾ ತನ್ನ ಅಧಿಕಾರಕ್ಕೆ ಸೇರಿದ್ದೆಂದು ಹೇಳುವ ಗೋವಾ ಅವರನ್ನು ಒಪ್ಪುತ್ತಿರಲಿಲ್ಲ. ಯಾರ ಅಪ್ಪಣೆಯ ಪಾದ್ರಿ ಕೊಟ್ಟ ಸಂಸ್ಕಾರ ಸಿಂಧು, ಯಾರದು ಅಸಿಂಧು ಎಂದು ಜನ ಎರಡು ಪಾಲಾಗಿದ್ದರು. ವಾಜ್ ಬಂದದ್ದು ಗೋವಾದ ಪ್ರತಿನಿಧಿಯಾಗಿ, ಅಂದರೆ ಜಗಳದ ಒಂದು ಪಕ್ಷವಾಗಿ. ಅವರು ಜಗಳ ಕಾಯಲಿಲ್ಲ. ಬಿಷಪರನ್ನೇ ಕಂಡು ಮಾತಾಡಿ, ಜನರ ಮನಸ್ಸಾಕ್ಷಿಗೆ ನೆಮ್ಮದಿ ಸಿಗುವ ದಾರಿ ಹುಡುಕಿದರು. ಊರೂರು ಸುತ್ತಿದರು, ಶಾಲೆ ತೆರೆದರು, ಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು.

ಮುಡಿಪುವಿನ ಕತೆ ಈ ವರ್ಷಗಳದ್ದು. ಕತೆ ಎಂದೇ ಕೇಳಬೇಕು. ಆಗದವರು ಕೆಲವರು ರಾತ್ರಿ ಬಂದು, ಗುಡ್ಡದಾಚೆ ಒಬ್ಬರು ಸಾಯುವ ಸ್ಥಿತಿಯಲ್ಲಿದ್ದಾರೆ, ಕಡೆಯ ಸಂಸ್ಕಾರಕ್ಕೆ ಬನ್ನಿ ಎಂದು ಕರೆದರಂತೆ. ಹೊರಟೇ ಬಿಟ್ಟರು. ಗುಡ್ಡದ ಮೇಲೆ ಕೊಲ್ಲಲು ಕೈಯೆತ್ತಿದಾಗ ಇವರು ಊರಿದ ಕೋಲಿನಡಿ ಬಂಡೆಯಿಂದ ನೀರು ಚಿಮ್ಮಿತಂತೆ, ಬಂದವರು ಬೆದರಿ ಓಡಿದರಂತೆ. ಇವತ್ತಿಗೂ ಆ ಒರತೆಯ ನೀರನ್ನು ಜನ ಬಾಟಲಿಗಳಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ನೀರಿಗಿಂತ ನನ್ನ ಗಮನ ಹೋಗುವುದು ಆ ಮೊದಲ ಭಾಗಕ್ಕೆ: ಅಪರಾತ್ರಿ, ಅಪರಿಚಿತರು, ಆದರೂ ಯಾರೆಂದು ವಿಚಾರಿಸದೆ ಎದ್ದು ಹೋದದ್ದು. ಕತೆ ಕಟ್ಟಿದ ಜನ ಅವರ ಸ್ವಭಾವವನ್ನು ಸರಿಯಾಗಿಯೇ ಹಿಡಿದಿದ್ದಾರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೆನರಾದ ಮೂರು ವರ್ಷಗಳಲ್ಲಿ ಲಂಕೆಯ ಆಸೆ ಸತ್ತಿತೇ? ಇಲ್ಲ. ಹಾಗೆಂದು ಅದು ಕೆನರಾದ ಕೆಲಸಕ್ಕೆ ಅಡ್ಡ ಬಂತೇ? ಅದೂ ಇಲ್ಲ. ಬೇಡದ ಊರಿಗೆ ವರ್ಗವಾದ ನೌಕರ ಹೇಗೆ ದಿನ ದೂಡುತ್ತಾನೆಂದು ನಮಗೆಲ್ಲ ಗೊತ್ತು. ವಾಜ್ ದಿನ ದೂಡಲಿಲ್ಲ. ಅವರು ಇಲ್ಲಿ ಕಂಡುಕೊಂಡದ್ದು ಇದು ಎಂದು ನನಗೆ ತೋರುತ್ತದೆ, ಅವರ ಹೆಜ್ಜೆಗಳನ್ನು ನೋಡಿ ನಾನು ಹಾಕಿದ ಲೆಕ್ಕ: ಬರಿಯ ಸ್ವಂತ ಹಟಕ್ಕೆ 'ಇಲ್ಲ' ಎಂದರೆ ಅದು ಮುನಿಯುತ್ತದೆ, ಇಲ್ಲವೇ ಹಿಂಬಾಗಿಲು ಹುಡುಕುತ್ತದೆ. ದೇವರು ಹುಟ್ಟಿಸಿದ್ದಾದರೆ 'ಇಲ್ಲ' ಎಂದರೂ ಒಣಗುವುದಿಲ್ಲ, ಕಾಯಲು ಅದಕ್ಕೆ ಬರುತ್ತದೆ, ಎದುರಿಗಿರುವ ಕೆಲಸವನ್ನು ಕೆಡಿಸುವುದಿಲ್ಲ. ವಾಜ್ ಒಪ್ಪಿಸಿದ್ದು ಆಸೆಯನ್ನಲ್ಲ, ಯಾವಾಗ, ಯಾರ ಅಪ್ಪಣೆಯಿಂದ, ಯಾವ ದಾರಿಯಿಂದ ಎಂಬುದನ್ನು.

ಇಂಥ ಪರೀಕ್ಷೆಯ ಮೂಲ ಇನ್ನೂ ಹಿಂದಿನದು. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು, ಲೊಯೋಲದ ಮನೆಯಲ್ಲಿ ಮಲಗಿದ್ದ ಇಗ್ನೇಷಿಯಸ್‌ಗೆ ಓದಲು ಬೇಕಿದ್ದದ್ದು ವೀರರ ಪ್ರಣಯಕತೆಗಳು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕತೆಗಳು. ಬೇರೆ ದಾರಿಯಿಲ್ಲದೆ ಓದಿದ. ಅರಮನೆಯ ಹೆಣ್ಣಿನ ಕನಸು ಕಾಣುವಾಗ ಸುಖವಿತ್ತು, ಕನಸು ಮುಗಿದ ಮೇಲೆ ಮನಸ್ಸು ಬರಡು. ಸಂತರಂತೆ ನಡೆಯುವ ಯೋಚನೆ ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸ ಒಂದು ದಿನ ಗಮನಕ್ಕೆ ಬಂತು. ರೆತಿರಿಗೆ, ಅಂದರೆ ಧ್ಯಾನಕೂಟಕ್ಕೆ, ಹೋದವರಿಗೆ ಇವತ್ತು ಕಲಿಸುವ ಆತ್ಮಶೋಧನೆಯ ಪಾಠಕ್ಕೆಲ್ಲ ಈ ಕಾಯಿಲೆ ಹಾಸಿಗೆಯೇ ಬುಡ. ಅವನೂ ಬಯಸಿದ್ದು ಜೆರುಸಲೇಮಿನಲ್ಲಿ ನೆಲೆಸಲು. 1523ರಲ್ಲಿ ಹೋದವನನ್ನು ಅಲ್ಲಿನ ಫ್ರಾನ್ಸಿಸ್ಕನರು ವಾಪಸು ಕಳಿಸಿದರು. ಕೊನೆಗೆ ನೆಲೆಸಿದ್ದು ರೋಮಿನಲ್ಲಿ. ವಾಜ್ ಕಲಿತದ್ದು ಗೋವಾದ ಸಂತ ಪೌಲರ ಕಾಲೇಜಿನಲ್ಲಿ, ಇದೇ ಇಗ್ನೇಷಿಯಸ್‌ನ ಜೆಸುಯಿಟರ ಸಂಸ್ಥೆಯಲ್ಲಿ.

1684ರಲ್ಲಿ ವಾಜ್ ಗೋವಾಕ್ಕೆ ಮರಳಿದರು. 1685ರಲ್ಲಿ ಒರಟೋರಿಯ ಪಾದ್ರಿಗಳ ಸಣ್ಣ ಗುಂಪಿಗೆ ಸೇರಿದರೆ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿದರು. ಮತ್ತೆ ಲಂಕೆ ದೂರವಾಯಿತು. ಮರುವರ್ಷ ಆ ಹುದ್ದೆ ಬಿಡಲು ಅಪ್ಪಣೆ ಸಿಕ್ಕಿತು. 1687ರಲ್ಲಿ ಕೂಲಿಯಾಳಿನ ವೇಷದಲ್ಲಿ, ತೂತುಕುಡಿಯ ಕಡೆಯಿಂದ ದೋಣಿ ಹತ್ತಿ ಲಂಕೆ ಮುಟ್ಟಿದಾಗ ಮೈಯಲ್ಲಿ ರಕ್ತಭೇದಿ, ಕೈಯಲ್ಲಿ ಏನೂ ಇಲ್ಲ. 1692ರಲ್ಲಿ ಕ್ಯಾಂಡಿಗೆ ಹೋದರೆ ಪೋರ್ಚುಗೀಸರ ಗೂಢಚಾರನೆಂದು ಸೆರೆ. 1697ರಲ್ಲಿ ಸಿಡುಬು ಹರಡಿ, ಊರವರೇ ರೋಗಿಗಳನ್ನು ಬಿಟ್ಟು ಓಡಿದಾಗ ಅವರ ಆರೈಕೆಗೆ ನಿಂತವರು ಇವರೇ. ಪಾದ್ರಿ ಇಲ್ಲದ ಊರುಗಳಲ್ಲಿ ಪ್ರಾರ್ಥನೆ ನಡೆಸಲು ಅಣ್ಣಾವಿ, ಮೂಪ್ಪು ಎಂಬ ಊರವರನ್ನೇ ತಯಾರು ಮಾಡಿದರು. ನಮ್ಮಲ್ಲಿ ಇಗರ್ಜಿಯ ಪ್ರತಿ ವಾಳೆಗೆ, ಅಂದರೆ ವಾರ್ಡಿಗೆ, ಒಬ್ಬ ಗುರ್ಕಾರ ಇದ್ದಂತೆಯೇ. ತೀರಿಕೊಂಡದ್ದು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ, ಸಂತನೆಂಬ ಘೋಷಣೆ 2015ರಲ್ಲಿ ಕೊಲಂಬೊದಲ್ಲಿ.

ನಡುವೆ ಒಂದು ಸಂಗತಿ ಇದೆ. ಪೋಪರ ಪ್ರತಿನಿಧಿಯಾಗಿ ಭಾರತಕ್ಕೆ ಬಂದ ಟೂರ್ನಾನ್, ವಾಜರ ಕೆಲಸ ಕೇಳಿ ತಿಳಿದು, ಅವರನ್ನು ಬಿಷಪ್ ಮಾಡಬೇಕೆಂದು ಯೋಚಿಸಿದರು. ದೇವರೇ ತೆರೆದ ಬಾಗಿಲು ಎಂದು ಯಾರಾದರೂ ಹೇಳಬಹುದಾಗಿತ್ತು. ಸಾಂಕವಾಳದ ಪತ್ರಕ್ಕೆ ಸಹಿ ಹಾಕಿದ್ದ ಈ ಗುಲಾಮ ಆಗದು ಎಂದರು. ವಿನಯದಿಂದ ಎಂದು ಚರಿತ್ರೆಕಾರರು ಬರೆಯುತ್ತಾರೆ, ಇರಬಹುದು. ನನ್ನ ಊಹೆಯಲ್ಲಿ ಮಂಗಳೂರಿನ ಪಾಠವೂ ಅದರಲ್ಲಿ ಸೇರಿದೆ: ರೋಮ್ ಒಂದು ಕಡೆ, ಗೋವಾ ಇನ್ನೊಂದು ಕಡೆ ಎಳೆಯುವ ಬಿಷಪ್ ಪಟ್ಟ ಜನರನ್ನು ಹೇಗೆ ಸೀಳುತ್ತದೆಂದು ಅವರು ಇಲ್ಲಿ ಮೂರು ವರ್ಷ ಕಣ್ಣಾರೆ ಕಂಡಿದ್ದರು.