ಒಂದು ಕಾಡುಹೋತದ ಬೆಲೆ ಎಷ್ಟು? ಐಬೆಕ್ಸ್ ಬೇಟೆ, ಹಿಮಾಲಯ ಮತ್ತು ನಮ್ಮ ಹಾಸನ

(ಈ ವಾರದ ಸಂಚಿಕೆಯ ಬರಹ ರೂಪ)

ಹರದನಹಳ್ಳಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಮೇಕೆ. ಹೊಳೆನರಸೀಪುರದ ಸಂತೇಲಿ ಹಲ್ಲು ಹಿಡಿದು ನೋಡಿ ವ್ಯಾಪಾರ ಮಾಡ್ತಾರಲ್ಲ, ಆ ಮೇಕೆ ಅಲ್ಲ. ಇದರ ಕಾಡಿನ ನೆಂಟ, ಐಬೆಕ್ಸ್. ಎದೆವರೆಗೆ ಗಡ್ಡ, ಹಿಂದಕ್ಕೆ ಕತ್ತಿ ಥರ ಬಾಗಿದ ಕೊಂಬು.

ಯಾಕೆ ಈ ವಿಷಯ ಅಂದ್ರೆ, ಹಿಮದ ಮೇಲೆ ಕೂತ ಬೇಟೆಗಾರ, ಮುಂದೆ ಸತ್ತ ಹೋತ, ಕೈಯಲ್ಲಿ ಕೊಂಬು, ಇಂಥ ವಿಡಿಯೋಗಳನ್ನ ನೀವೂ ರೀಲ್ಸ್‌ನಲ್ಲಿ ನೋಡಿರ್ತೀರಿ. ಕೆಳಗೆ ಜನ ಬೈದಿರ್ತಾರೆ. ಆದ್ರೆ ನನಗೆ ಬಂದ ಪ್ರಶ್ನೆ ಬೇರೆ. "ಅಲ್ಲಿ ಲಕ್ಷಗಟ್ಟಲೆ ದುಡ್ಡು ತಗೊಂಡು ಬೇಟೆ ಆಡಿಸ್ತಾರಂತೆ, ಆ ದುಡ್ಡು ಹಳ್ಳಿಗೇ ಹೋಗುತ್ತಂತೆ. ಅರಕಲಗೂಡು, ಆಲೂರು, ಸಕಲೇಶಪುರದಲ್ಲಿ ಆನೆ, ಹಂದಿ ಬೆಳೆ ತಿಂತಾ ಇವೆ. ಇಲ್ಲೂ ಹಾಗೇ ಮಾಡಿದ್ರೆ ಏನು ತಪ್ಪು?" ತಮಾಷೆಗೆ ಕೇಳಿದ್ದಲ್ಲ. ಒಂದು ರಾತ್ರೀಲಿ ಬಾಳೆ ತೋಟ ಕಳ್ಕೊಂಡ ಮನೆಯವರ ಪ್ರಶ್ನೆ ಅದು. ಬೈದು ಮುಗಿಸೋಕೆ ಆಗಲ್ಲ. ನಾನು ಬಿ.ಕಾಂ. ಓದಿದವನು, ಕಾಡಿನ ತಜ್ಞ ಅಲ್ಲ. ಅದಕ್ಕೇ ಇದನ್ನ ಲೆಕ್ಕದ ಪುಸ್ತಕದ ಥರ ನೋಡೋಣ: ದುಡ್ಡು ಯಾರು ಕೊಡ್ತಾರೆ, ಯಾರಿಗೆ ಸೇರುತ್ತೆ, ನಷ್ಟ ಯಾರ ಖಾತೆಗೆ ಬೀಳುತ್ತೆ.

ಮೊದಲು ಪ್ರಾಣಿ. ಭಾರತದಲ್ಲಿ ಐಬೆಕ್ಸ್ ಇರೋದು ಲಡಾಖ್, ಜಮ್ಮು-ಕಾಶ್ಮೀರ, ಹಿಮಾಚಲದ ಎತ್ತರದ ಬೆಟ್ಟಗಳಲ್ಲಿ. ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿ ಏದುಸಿರು ಬಿಟ್ಟಿದ್ದೀರಲ್ಲ? ಅದರ ತುದಿ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್. ಐಬೆಕ್ಸ್ ಓಡಾಡೋದು 3,000ದಿಂದ 5,000 ಮೀಟರ್ ಎತ್ತರದಲ್ಲಿ, ಅದೂ ಮೆಟ್ಟಿಲಿಲ್ಲದ ಕಡಿದಾದ ಬಂಡೆ ಮೇಲೆ. ಗೊರಸಿನ ಅಂಚು ಗಟ್ಟಿ, ನಡುಭಾಗ ರಬ್ಬರ್ ಥರ ಮೆತ್ತಗೆ. ಹಾಗಾಗಿ ಜಾರಲ್ಲ. ತೋಳನೋ ಹಿಮಚಿರತೆಯೋ ಬಂದ್ರೆ ಅದು ಬಯಲಿಗೆ ಓಡೋದಿಲ್ಲ, ಬಂಡೆಗೆ ಏರುತ್ತೆ.

ಬೇಟೆಗಾರರಿಗೆ ಇದರ ಹುಚ್ಚು ಹಿಡಿಯೋದೂ ಇದಕ್ಕೇ. ಅಪಾಯ ಕೆಳಗಿಂದ ಬರುತ್ತೆ ಅಂತ ಐಬೆಕ್ಸ್ ಕೆಳಗೇ ನೋಡ್ತಾ ಇರುತ್ತೆ. ಅದಕ್ಕೆ ಬೇಟೆಗಾರ ಬಳಸು ದಾರೀಲಿ ಅದಕ್ಕಿಂತ ಮೇಲೆ ಹತ್ತಬೇಕು. ಗಾಳಿ ದಿಕ್ಕು ತಪ್ಪಿದ್ರೆ ವಾಸನೆ ಸಿಕ್ಕಿ ಇಡೀ ಹಿಂಡು ಮಾಯ. ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಹತ್ತು ಹೆಜ್ಜೆಗೆ ಒಮ್ಮೆ ನಿಲ್ಲಬೇಕು. ನೂರಾರು ಮೀಟರ್ ದೂರದಿಂದ ದುರ್ಬೀನಿನಲ್ಲಿ ಕೊಂಬು ನೋಡಿ ವಯಸ್ಸು ಅಳೀಬೇಕು. ಕೊಂಬು ಪ್ರತಿ ವರ್ಷ ಬೆಳೆದು ಚಳಿಗಾಲದಲ್ಲಿ ನಿಲ್ಲುತ್ತೆ, ಅಲ್ಲೊಂದು ಗೆರೆ ಉಳಿಯುತ್ತೆ. ಗೆರೆ ಎಣಿಸಿದ್ರೆ ವಯಸ್ಸು. (ಮುಂಭಾಗದಲ್ಲಿ ಕಾಣೋ ದಪ್ಪ ಗಂಟುಗಳು ಬೇರೆ, ಅವು ವರ್ಷಕ್ಕೊಂದು ಅಂತ ಲೆಕ್ಕ ಇಲ್ಲ.) ಪರವಾನಗಿ ಪದ್ಧತಿ ಸರಿಯಾಗಿ ನಡೆಯೋ ಕಡೆ ವಯಸ್ಸಾದ ಗಂಡನ್ನ ಮಾತ್ರ ಹೊಡೀಬಹುದು. ಹೆಣ್ಣು, ಮರಿ ಮುಟ್ಟೋ ಹಾಗಿಲ್ಲ.

ಈಗ ದುಡ್ಡಿಗೆ ಬರೋಣ. ಪಾಕಿಸ್ತಾನದ ಹಿಡಿತದಲ್ಲಿರೋ ಗಿಲ್ಗಿಟ್-ಬಾಲ್ಟಿಸ್ತಾನ ಮತ್ತು ಪಕ್ಕದ ಚಿತ್ರಾಲ್‌ನಲ್ಲಿ ಪ್ರತಿ ಚಳಿಗಾಲ ಬೇಟೆ ಪರವಾನಗಿ ಹರಾಜಾಗುತ್ತೆ. ಐಬೆಕ್ಸ್‌ಗೆ ವಿದೇಶಿಯರು ಕೊಡೋದು ಕೆಲವು ಸಾವಿರ ಡಾಲರ್. ಅದರ ದಾಯಾದಿ ಮಾರ್ಖೋರ್ ಇದೆಯಲ್ಲ, ಸ್ಕ್ರೂ ಥರ ತಿರುಚಿದ ಕೊಂಬಿನ ಕಾಡುಮೇಕೆ, ಅದರ ಒಂದು ಪರವಾನಗಿ ಈಚಿನ ವರ್ಷಗಳಲ್ಲಿ ಎರಡು ಲಕ್ಷ ಡಾಲರ್ ದಾಟಿದೆ. ನಮ್ಮ ಲೆಕ್ಕದಲ್ಲಿ ಒಂದೂವರೆ ಕೋಟಿ ರೂಪಾಯಿಗೂ ಮೇಲೆ. ಒಂದು ಹೋತಕ್ಕೆ!

ನಿಯಮದ ಪ್ರಕಾರ ಇದರಲ್ಲಿ ಶೇ 80 ಆ ಕಣಿವೆಯ ಹಳ್ಳಿಗಳಿಗೆ, ಶೇ 20 ಸರ್ಕಾರಕ್ಕೆ. ಶಾಲೆ, ನೀರಿನ ಕಾಲುವೆ, ಆಸ್ಪತ್ರೆ ಖರ್ಚು, ಕಾವಲುಗಾರರ ಸಂಬಳ ಇದರಿಂದ ಬರುತ್ತೆ. ಅಲ್ಲಿನ ಜನ ಮೊದಲು ಮಾಂಸಕ್ಕೆ ತಾವೇ ಹೊಡೀತಿದ್ರು. ಈಗ ಕದ್ದು ಹೊಡೆಯೋಕೆ ಬಂದವನನ್ನ ಅವರೇ ಹಿಡಿದುಕೊಡ್ತಾರೆ. ಅವನು ಕದಿಯೋದು ಊರಿನ ಎಫ್‌ಡಿನ ತಾನೇ? ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದ ಸೈಟಿಸ್, 1997ರಲ್ಲಿ ಪಾಕಿಸ್ತಾನಕ್ಕೆ ವರ್ಷಕ್ಕೆ 6 ಮಾರ್ಖೋರ್ ಕೋಟಾ ಕೊಟ್ಟಿತು, 2002ರಲ್ಲಿ ಅದನ್ನ 12 ಮಾಡಿತು. 2015ರಲ್ಲಿ ಐಯುಸಿಎನ್ ಮಾರ್ಖೋರ್ ಅನ್ನು ಅಳಿವಿನಂಚಿನ ಪಟ್ಟಿಯಿಂದ ಕಡಿಮೆ ಅಪಾಯದ ಪಟ್ಟಿಗೆ ಇಳಿಸಿತು. ಬೇಟೆ ಒಂದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ. ಆದ್ರೆ ಕೊಲ್ಲೋ ಪದ್ಧತಿ ಇದ್ದೂ ಸಂಖ್ಯೆ ಹೆಚ್ಚಿದೆ, ಅದನ್ನ ಒಪ್ಪಲೇಬೇಕು.

ಹಾಗಾದ್ರೆ ಕತೆ ಮುಗೀತಾ? ಇಲ್ಲ. ಈ ಬ್ಯಾಲೆನ್ಸ್ ಶೀಟ್‌ನಲ್ಲಿ ಇನ್ನೊಂದು ಬದಿ ಇದೆ.

ಒಂದೇ ಥರದ ಗಿರಾಕಿ ನಂಬಿದ ಅಂಗಡಿ ಇದು. 2013ರ ಜೂನ್‌ನಲ್ಲಿ ನಂಗಾ ಪರ್ವತದ ಬೇಸ್ ಕ್ಯಾಂಪ್‌ನಲ್ಲಿ ಉಗ್ರರು 10 ವಿದೇಶಿ ಪರ್ವತಾರೋಹಿಗಳನ್ನ, ಒಬ್ಬ ಸ್ಥಳೀಯನನ್ನ ಕೊಂದರು. ಹಾಗೆ ಆದ್ಮೇಲೆ ವಿದೇಶಿಯರು ಆ ಕಡೆ ಬರೋಕೆ ಹೆದರ್ತಾರೆ. ಕೋವಿಡ್ ಬಂದಾಗಲೂ ಅಷ್ಟೇ. ಗಿರಾಕಿ ಬರದ ವರ್ಷ ಕಾವಲುಗಾರನ ಸಂಬಳ ಎಲ್ಲಿಂದ? ಇನ್ನೊಂದು, ಎಷ್ಟು ಪ್ರಾಣಿ ಇವೆ ಅಂತ ಎಣಿಸೋರಿಗೇ ಕೋಟಾ ಹೆಚ್ಚಾದ್ರೆ ಲಾಭ. ಆಡಿಟ್ ಮಾಡೋನೇ ಪಾಲುದಾರ ಆದ ಹಾಗೆ. ಮೂರನೇದು ಜೀವಶಾಸ್ತ್ರ. ಕೆನಡಾದ ರಾಮ್ ಮೌಂಟನ್ ಅನ್ನೋ ಕಡೆ ಕಾಡುಕುರಿಗಳನ್ನ ಸುಮಾರು 30 ವರ್ಷ ಅಳೆದು ನೋಡಿದ್ರು, 2003ರಲ್ಲಿ ಫಲಿತಾಂಶ ಪ್ರಕಟ ಆಯ್ತು. ದೊಡ್ಡ ಕೊಂಬಿನವನ್ನೇ ಆರಿಸಿ ಹೊಡೀತಾ ಹೋದ್ರೆ ಉಳಿದವುಗಳ ಕೊಂಬು ತಲೆಮಾರಿಂದ ತಲೆಮಾರಿಗೆ ಚಿಕ್ಕದಾಗುತ್ತೆ ಅಂತ. ನಮ್ಮೂರಲ್ಲಿ ಒಳ್ಳೆ ಬೀಜದ ಹೋತನ್ನೇ ಮಾಂಸಕ್ಕೆ ಕೊಟ್ಟು ಸೊರಗಿದ್ದನ್ನ ಮಂದೇಲಿ ಉಳಿಸ್ಕೊಂಡ್ರೆ ಅಜ್ಜಂದಿರು ಬೈತಾರಲ್ಲ, ಅದೇ ಲೆಕ್ಕ.

ಯುರೋಪಿನದ್ದು ಸಿನಿಮಾ ಥರ ಇದೆ, ಬೇಗ ಹೇಳಿಬಿಡ್ತೀನಿ. ಕೋವಿ ಬಂದ ಮೇಲೆ ಆಲ್ಪ್ಸ್ ಪರ್ವತದ ಐಬೆಕ್ಸ್ ಸುಮಾರು ನೂರಕ್ಕೆ ಇಳಿದಿತ್ತು, ಅದೂ ಇಟಲಿಯ ಗ್ರಾನ್ ಪಾರಾಡಿಸೋ ಒಂದೇ ಕಡೆ. 1856ರಲ್ಲಿ ರಾಜ ಅದನ್ನ ತನ್ನ ಸ್ವಂತ ಬೇಟೆ ಕಾಡು ಮಾಡ್ಕೊಂಡ. ತಾನು ಹೊಡೆಯೋಕೆ ಬೇರೆಯವರಿಂದ ಕಾಪಾಡಿದ. ಸ್ವಿಟ್ಜರ್ಲೆಂಡ್‌ನವರು ಮರಿ ಕೇಳಿದ್ರೆ ಕೊಡಲಿಲ್ಲ. ಅವರು 1906ರಲ್ಲಿ ಕಳ್ಳಬೇಟೆಗಾರರಿಗೆ ದುಡ್ಡು ಕೊಟ್ಟು ಮರಿಗಳನ್ನ ಕದ್ದು ಗಡಿ ದಾಟಿಸಿದ್ರು! ಈಗ ಆಲ್ಪ್ಸ್‌ನಲ್ಲಿ 50,000ಕ್ಕೂ ಹೆಚ್ಚು ಐಬೆಕ್ಸ್ ಇವೆ, ಎಲ್ಲವೂ ಆ ನೂರರ ಸಂತಾನ.

ದಕ್ಷಿಣಕ್ಕೆ ಬಂದ್ರೆ, ನಮಗೆ ಹತ್ತಿರದ ಬೆಟ್ಟದ ಆಡು ನೀಲಗಿರಿ ತಾರ್. ತಮಿಳಿನಲ್ಲಿ ವರೈಯಾಡು. ಬ್ರಿಟಿಷ್ ಶಿಕಾರಿಗಳು ಇದನ್ನೂ 'ಐಬೆಕ್ಸ್' ಅಂತಲೇ ಕರೀತಿದ್ರು, ಹಳೇ ಶಿಕಾರಿ ಪುಸ್ತಕ ಓದುವಾಗ ಗೊಂದಲ ಆಗೋದು ಅದಕ್ಕೇ. ನಿಜದಲ್ಲಿ ಇದು ಐಬೆಕ್ಸ್ ಅಲ್ಲ. ವಂಶವಾಹಿ ಪರೀಕ್ಷೆ ಪ್ರಕಾರ ಮೇಕೆಗಿಂತ ಕುರಿಗೇ ಹತ್ತಿರದ ಸಂಬಂಧಿ. ಊಟಿ ಸುತ್ತ ಇವನ್ನ ಎಷ್ಟು ಹೊಡೆದ್ರು ಅಂದ್ರೆ, ಹೊಡೆಯೋಕೆ ಏನೂ ಉಳಿಯಲ್ಲ ಅಂತ ಬೇಟೆಗಾರರೇ 1877ರಲ್ಲಿ ಸಂಘ ಕಟ್ಟಿದ್ರು, 1879ರಲ್ಲಿ ನೀಲಗಿರಿಗೆ ಬೇಟೆ ನಿಯಂತ್ರಣದ ಕಾಯ್ದೆ ಬಂತು. ಕೇರಳದ ಮುನ್ನಾರ್ ಪಕ್ಕದ ಇರವಿಕುಲಂ ಅಂತೂ ಚಹಾ ತೋಟದ ಸಾಹೇಬರ ಬೇಟೆ ಮೀಸಲು. ಕಾವಲಿಗಿದ್ದವರು ಮುದುವನ್ ಬುಡಕಟ್ಟಿನವರು. 1978ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯ್ತು. ಇವತ್ತು ಜಗತ್ತಿನಲ್ಲೇ ಹೆಚ್ಚು ತಾರ್ ಒಟ್ಟಿಗೆ ಇರೋದು ಅಲ್ಲೇ. 2025ರಲ್ಲಿ ಕೇರಳ, ತಮಿಳುನಾಡು ಸೇರಿ ಎಣಿಸಿದಾಗ ಒಟ್ಟು 2,668 ಸಿಕ್ಕವು. ಇಡೀ ಜಗತ್ತಿಗೆ ಅಷ್ಟೇ. ನಮ್ಮ ಕಡೆ ಒಂದು ಹೋಬಳಿಯ ಮೇಕೆ ಎಣಿಸಿದ್ರೆ ಅದಕ್ಕಿಂತ ಜಾಸ್ತಿ ಸಿಗಬಹುದು.

ಕಾನೂನು ಏನು ಹೇಳುತ್ತೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಬೇಟೆ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಐಬೆಕ್ಸ್, ನೀಲಗಿರಿ ತಾರ್ ಎರಡೂ ಮೊದಲನೇ ಅನುಸೂಚಿಯಲ್ಲಿವೆ. ಹೊಡೆದ್ರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಇಲ್ಲೊಂದು ಮಾತು: "ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ಬೇಡ, ಅಲ್ಲಿ ಬೇಟೆ ನಡೆಯುತ್ತೆ" ಅಂತ ನಮ್ಮ ಹುಡುಗರು ಹೇಳ್ತಿರ್ತಾರೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರೋದು ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಮಾತ್ರ. ಅದನ್ನ ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಬೇಟೆಗೆ ಅಲ್ಲೂ ಅನುಮತಿ ಇಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಈಗ ಗುರಿ ಇಡೋದು ತೆಂಗಿನಕಾಯಿಗೆ.

ಹಾಗಾದ್ರೆ ಬೇಟೆ ಇಲ್ಲದೆ ಹಳ್ಳಿಗೆ ದುಡ್ಡು ಬರೋ ದಾರಿ ಇಲ್ವಾ? ಇದೆ. ಅದರಲ್ಲಿ ಮೈಸೂರಿನ ಪಾಲೂ ಇದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅನ್ನೋ ಸಂಸ್ಥೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಅಲ್ಲಿನ ವಿಜ್ಞಾನಿ ಚಾರುದತ್ತ ಮಿಶ್ರಾ 1990ರ ದಶಕದಲ್ಲಿ ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಅನ್ನೋ ಊರಲ್ಲಿ ಅಧ್ಯಯನ ಮಾಡಿದ್ರು. ಒಂದೂವರೆ ವರ್ಷದಲ್ಲಿ ಊರಿನ ಸಾಕುಪ್ರಾಣಿಗಳಲ್ಲಿ ಶೇ 18ರಷ್ಟನ್ನ ಹಿಮಚಿರತೆ, ತೋಳ ತಿಂದಿವೆ ಅಂತ ಊರವರು ಹೇಳಿದ್ರು. ಅಷ್ಟು ನಷ್ಟ ಆದವನು ಚಿರತೆಯನ್ನ ಪ್ರೀತಿಸು ಅಂದ್ರೆ ಕೇಳ್ತಾನಾ?

ಗಂಟು ಎಲ್ಲಿತ್ತು ಅಂದ್ರೆ ಹುಲ್ಲಿನಲ್ಲಿ. ಊರಿನ ಕುರಿ, ಮೇಕೆ, ಯಾಕ್ ಬೆಟ್ಟದ ಹುಲ್ಲೆಲ್ಲ ಮೇಯುತ್ತವೆ. ಐಬೆಕ್ಸ್‌ಗೆ, ಭರಲ್ ಅನ್ನೋ ಕಾಡುಕುರಿಗೆ ಮೇವು ಸಾಲಲ್ಲ, ಅವು ಕಡಿಮೆ ಆಗ್ತವೆ. ಅವು ಕಡಿಮೆ ಆದ್ರೆ ಹಸಿದ ಚಿರತೆ ಕೊಟ್ಟಿಗೆಗೆ ಬರುತ್ತೆ. ಹಾಗಾಗಿ ಊರವರ ಜೊತೆ ಮಾತಾಡಿ ಒಂದು ತುಂಡು ಹುಲ್ಲುಗಾವಲನ್ನ ದನ-ಕುರಿ ಬಿಡದೆ ಹಾಗೇ ಉಳಿಸೋದು, ಅದಕ್ಕೆ ಊರಿಗೆ ಹಣ ಕೊಡೋದು ಅಂತ ಒಪ್ಪಂದ ಆಯ್ತು. ಆ ಜಾಗದಲ್ಲಿ ಭರಲ್ ಸಂಖ್ಯೆ ಹಲವು ಪಟ್ಟು ಏರಿತು. 2002ರಲ್ಲಿ ಜಾನುವಾರು ವಿಮೆ ಶುರು ಮಾಡಿದ್ರು. ಪ್ರೀಮಿಯಂನ ಒಂದು ಪಾಲು ಊರವರದ್ದೇ. ಕ್ಲೇಮ್ ನಿಜಾನೋ ಸುಳ್ಳೋ ಅಂತ ತೀರ್ಮಾನ ಮಾಡೋದು ಊರಿನ ಸಮಿತಿ. ನನಗೆ ಇದರಲ್ಲಿ ಇಷ್ಟ ಆಗಿದ್ದು ಇದೇ. ಪಕ್ಕದ ಮನೆಯವನ ಯಾಕ್ ಮರಿ ಚಳಿಗೆ ಸತ್ತಿತೋ ಚಿರತೆ ಹಿಡೀತೋ ಅಂತ ಊರಿಗೆ ಗೊತ್ತಿರುತ್ತೆ, ದೂರದ ಆಫೀಸಿಗೆ ಗೊತ್ತಿರಲ್ಲ. ಮಿಶ್ರಾ ಅವರಿಗೆ 2005ರಲ್ಲಿ, ಮತ್ತೆ 2022ರಲ್ಲಿ ವಿಟ್ಲಿ ಗೋಲ್ಡ್ ಪ್ರಶಸ್ತಿ ಬಂತು.

ಈಗ ಹಾಸನಕ್ಕೆ. ದುಡ್ಡಿನ ಬೇಟೆ ಇಲ್ಲಿ ನಡೆಯಲ್ಲ ಅಂತ ನನ್ನ ಲೆಕ್ಕ, ಅದಕ್ಕೆ ಕಾನೂನು ಒಂದೇ ಕಾರಣ ಅಲ್ಲ. ಕೊಂಬಿನ ಬೆಲೆ ಬರೋದು ಅದು ಅಪರೂಪ, ಸಿಗೋದು ಕಷ್ಟ ಅನ್ನೋದರಿಂದ. ನಮ್ಮ ಜೋಳ ತಿನ್ನೋ ಹಂದಿಗೆ ಯಾವ ವಿದೇಶಿಯೂ ಲಕ್ಷ ಕೊಡಲ್ಲ. ಕೇರಳದಲ್ಲಿ 2022ರಿಂದ ಪಂಚಾಯಿತಿ ಮಟ್ಟದಲ್ಲೇ ಹಂದಿ ಹೊಡೆಯೋ ಅನುಮತಿ ಇದೆ. ಅದು ಬೆಳೆ ಉಳಿಸೋ ಕ್ರಮ, ಆದಾಯ ಅಲ್ಲ. ಆನೆ ವಿಷಯ ಬೇರೇನೇ. ಗಿಲ್ಗಿಟ್ ಕಣಿವೇಲಿ ವರ್ಷಕ್ಕೆ ಒಂದೆರಡು ಮುದಿ ಹೋತ ತೆಗೆದ್ರೆ ಹಿಂಡಿಗೆ ವ್ಯತ್ಯಾಸ ಆಗಲ್ಲ, ಊರಿಗೆ ನಷ್ಟವೂ ಕಡಿಮೆ ಆಗಲ್ಲ, ಯಾಕಂದ್ರೆ ಆ ಹೋತ ಯಾರ ಹೊಲಕ್ಕೂ ನುಗ್ಗುತ್ತಿರಲಿಲ್ಲ. ಇಲ್ಲಿ ಒಂದು ಸಲಗ ತೆಗೆದ್ರೂ ಉಳಿದ ಗುಂಪು ಅದೇ ಕಾಫಿ ತೋಟದಲ್ಲೇ ಇರುತ್ತೆ. ಆಲೂರು-ಸಕಲೇಶಪುರದಿಂದ ಹಿಂದೆ ಹೈಕೋರ್ಟ್ ಆದೇಶದ ಮೇಲೆ 20ಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದ್ರು. ಆಮೇಲೂ ಸಮಸ್ಯೆ ನಿಂತಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆ ನಡೆಯುವಾಗಲೇ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಸತ್ತಿದ್ದು.

ನಮ್ಮ ಜಿಲ್ಲೆಗೆ ಹತ್ತಿರದ ಪಾಠ ಗಿಲ್ಗಿಟ್‌ಗಿಂತ ಕಿಬ್ಬರ್‌ನಲ್ಲಿದೆ ಅನ್ಸುತ್ತೆ. ಈಗ ಬೆಳೆ ಹೋದ್ರೆ ರೈತ ಅರ್ಜಿ ಹಾಕ್ಬೇಕು, ಫೋಟೊ, ಪಹಣಿ ಕೊಡ್ಬೇಕು, ಅಧಿಕಾರಿ ಬಂದು ನೋಡ್ಬೇಕು. ಹೊಲ ಅಜ್ಜನ ಹೆಸರಲ್ಲೇ ಇದ್ರೆ, ಖಾತೆ ಬದಲಾಗದಿದ್ರೆ ಅಲ್ಲೇ ಸಿಕ್ಕಿಹಾಕಿಕೊಳ್ತು. ಗುತ್ತಿಗೆಗೆ ಮಾಡೋನ ಪಾಡು ಇನ್ನೂ ಕಷ್ಟ. ನಮ್ಮೂರಿನ ಹಾಲಿನ ಡೇರಿ ಸಂಘದಲ್ಲಿ ದಿನಾ ಎರಡು ಹೊತ್ತು ಲೀಟರ್, ಫ್ಯಾಟ್ ಬರೆದು ಲೆಕ್ಕ ಚುಕ್ತಾ ಮಾಡೋ ಜನ ಇದ್ದಾರೆ. ಬೆಳೆ ನಷ್ಟದ ವಿಮೆಯ ಲೆಕ್ಕ ಇಡೋಕೆ ಇಂಥವರಿಗೆ ಬರಲ್ವಾ? ಸರ್ಕಾರದ ದುಡ್ಡು, ರೈತರ ಸಣ್ಣ ಪ್ರೀಮಿಯಂ, ತೀರ್ಮಾನ ಊರಿನ ಸಮಿತಿಯದ್ದು. ಹಿಮಚಿರತೆಗೆ ಹೊಂದಿದ್ದು ಆನೆಗೆ ಪೂರ್ತಿ ಹೊಂದಲ್ಲ. ಆನೆ ಮನುಷ್ಯರನ್ನೂ ಕೊಲ್ಲುತ್ತೆ, ಅದಕ್ಕೆ ವಿಮೆ ಉತ್ತರ ಅಲ್ಲ. ಆದ್ರೆ ಬಾಳೆ, ಭತ್ತ, ಜೋಳದ ಲೆಕ್ಕಕ್ಕೆ ಇದನ್ನ ಒಂದೆರಡು ಪಂಚಾಯಿತೀಲಿ ಪ್ರಯೋಗ ಮಾಡಿ ನೋಡಬಹುದು. ನೀವು ಅರಕಲಗೂಡು, ಆಲೂರು ಕಡೆಯವರಾಗಿದ್ದು ಪರಿಹಾರಕ್ಕೆ ಅರ್ಜಿ ಹಾಕಿದ್ರೆ, ಎಷ್ಟು ದಿನ ಆಯ್ತು, ಎಷ್ಟು ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆ ಅದರ ಮೇಲೇ ಮಾಡ್ತೀನಿ.

ಕೊನೇದಾಗಿ, ಬೆಟ್ಟದ ಆಡು ನೋಡ್ಬೇಕು ಅನ್ನೋರಿಗೆ: ಐಬೆಕ್ಸ್ ನೋಡೋಕೆ ಸ್ಪಿತಿಗೆ ಹೋಗೋದಾದ್ರೆ ಚಳಿಗಾಲ ಒಳ್ಳೇದು, ಹಿಮಕ್ಕೆ ಅವು ಕೆಳಗೆ ಇಳಿದಿರ್ತವೆ, ಆದ್ರೆ ದಾರಿ ಯಾವಾಗ ಬೇಕಾದ್ರೂ ಮುಚ್ಚಬಹುದು. ಇರವಿಕುಲಂ ಹತ್ತಿರ, ತಾರ್ ರಸ್ತೆ ಪಕ್ಕದಲ್ಲೇ ಮೇಯ್ತಾ ನಿಂತಿರುತ್ತೆ. ಮರಿ ಹಾಕೋ ಕಾಲ ಅಂತ ಫೆಬ್ರವರಿ, ಮಾರ್ಚ್‌ನಲ್ಲಿ ಪ್ರವಾಸಿಗರನ್ನ ಬಿಡಲ್ಲ. ಬಸ್ ಬುಕ್ ಮಾಡೋಕೆ ಮುಂಚೆ ಒಂದ್ಸಲ ನೋಡ್ಕೊಳ್ಳಿ.