ಬಾಯಿ ತೆರೆಸಿ ನೋಡಿದ ವಿಜ್ಞಾನ

ಓದುಗರೊಬ್ಬರು ಕೇಳಿದ್ದಾರೆ: "ಪೊಟ್ಟಣದ ಮೇಲೆ ಹುಣ್ಣಾದ ಬಾಯಿಯ ಚಿತ್ರ ಹಾಕಿದರೆ ಯಾರಾದರೂ ಚಟ ಬಿಡುತ್ತಾರಾ? ನಮ್ಮೂರ ಅಂಗಡಿ ಮುಂದೆ ಆ ಚಿತ್ರ ನೋಡಿಕೊಂಡೇ ಕಡ್ಡಿ ಗೀರುತ್ತಾರೆ."

ನ್ಯಾಯವಾದ ಪ್ರಶ್ನೆ. ತಂಬಾಕು ಪೊಟ್ಟಣದ ಶೇ 85 ಭಾಗವನ್ನು ಎಚ್ಚರಿಕೆಯೇ ಆವರಿಸಬೇಕೆಂಬ ನಿಯಮ ಜಾರಿಗೆ ಬಂದದ್ದು 2016ರ ಏಪ್ರಿಲ್‌ನಲ್ಲಿ. ಮರುವರ್ಷದ ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಅದನ್ನು ರದ್ದು ಮಾಡಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಚಿತ್ರಕ್ಕೆ ಏನೂ ಬಲವಿಲ್ಲದಿದ್ದರೆ ತಂಬಾಕು ಉದ್ಯಮ ಇಷ್ಟೊಂದು ವಕೀಲರನ್ನು ಇಟ್ಟುಕೊಂಡು ಹೋರಾಡುತ್ತಿರಲಿಲ್ಲ. 2016–17ರಲ್ಲಿ ಭಾರತದಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಸಿಗರೇಟು ಸೇದುವವರ ಪೈಕಿ ಶೇ 61.9 ಮಂದಿ, ಬೀಡಿ ಸೇದುವವರಲ್ಲಿ ಶೇ 53.8 ಮಂದಿ ಆ ಎಚ್ಚರಿಕೆ ನೋಡಿ ಬಿಡುವ ಯೋಚನೆ ಮಾಡಿದ್ದಾಗಿ ಹೇಳಿದರು. ಜಗಿಯುವವರಲ್ಲಿ ಈ ಪ್ರಮಾಣ ಶೇ 46.2.

ಆದರೆ ಯೋಚನೆ ಮಾಡಿದವರೆಲ್ಲ ಬಿಟ್ಟಿಲ್ಲ. ಬಿಡಿಸುವುದು ಯಾವುದು ಎಂದು ಕೇಳಿದರೆ ನಾನು ಸುಮಾರು ಅರವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ನಡೆದ ಕೆಲಸಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಎಂಬ ಸಿಟ್ಟು ನನಗಿದೆ.

ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಎಂದರೆ ಭೌತವಿಜ್ಞಾನ, ಹೋಮಿ ಭಾಭಾ. ಅಲ್ಲೇ ದಂತವೈದ್ಯರ ಒಂದು ಪುಟ್ಟ ಘಟಕವೂ ಇತ್ತು. ಫಲಿ ಮೆಹ್ತಾ ಅದರ ಮುಖ್ಯಸ್ಥರು. ಕೋಪನ್‌ಹೇಗನ್ನಿನ ಯೆನ್ಸ್ ಪಿಂಡ್‌ಬೋರ್ ಅವರ ಜೊತೆಗಾರ. ಅಂಕಿಸಂಖ್ಯೆಯ ಹೊಣೆ ಪ್ರಕಾಶ್ ಗುಪ್ತಾ ಅವರದು. 1960ರ ದಶಕದಲ್ಲಿ ಇವರ ತಂಡ ದೇಶದ ಐದು ಜಿಲ್ಲೆಗಳ ಹಳ್ಳಿಗಳಿಗೆ ಹೋಗಿ, ಮನೆಮನೆಯಲ್ಲೂ ಜನರ ಬಾಯಿ ತೆರೆಸಿ ನೋಡಿತು. ಹೀಗೆ ನೋಡಿದ್ದು ಐವತ್ತು ಸಾವಿರಕ್ಕೂ ಹೆಚ್ಚು ಬಾಯಿಗಳನ್ನು. ಆಮೇಲೆ ಮೂರು ಜಿಲ್ಲೆಗಳಲ್ಲಿ ಹತ್ತು ವರ್ಷ ಅದೇ ಜನರನ್ನು ಹಿಂಬಾಲಿಸಿದರು. ಕೇರಳದ ಎರ್ನಾಕುಲಂನಲ್ಲಿ ಎಲೆ-ಅಡಿಕೆ-ಹೊಗೆಸೊಪ್ಪು, ಗುಜರಾತಿನ ಭಾವನಗರದಲ್ಲಿ ಬೀಡಿ. ಆಂಧ್ರದ ಶ್ರೀಕಾಕುಳಂನಲ್ಲಿ ಹೆಂಗಸರು ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುತ್ತಿದ್ದರು! ಬಾಯಿಕ್ಯಾನ್ಸರ್ ಬಂದದ್ದು ಹೆಚ್ಚುಕಡಿಮೆ ತಂಬಾಕು ಬಳಸುವವರಿಗೇ. ಅದಕ್ಕೂ ಮುಂಚೆ ಬಾಯಲ್ಲಿ ಲ್ಯೂಕೋಪ್ಲೇಕಿಯಾದಂಥ ಬಿಳಿ ಮಚ್ಚೆಗಳು ಕಾಣಿಸಿಕೊಳ್ಳುತ್ತಿದ್ದವು.

ಇಲ್ಲಿಗೆ ಬಿಟ್ಟಿದ್ದರೆ ಅದೊಂದು ಒಳ್ಳೆಯ ಸಮೀಕ್ಷೆಯಾಗಿ ಉಳಿಯುತ್ತಿತ್ತು. ಇವರು ಬಿಡಲಿಲ್ಲ. ಅದೇ ಮೂರು ಜಿಲ್ಲೆಗಳಲ್ಲಿ ತಂಬಾಕು ಬಳಸುವ 36,000ಕ್ಕೂ ಹೆಚ್ಚು ಮಂದಿಯನ್ನು ಹೊಸದಾಗಿ ಆರಿಸಿಕೊಂಡು, ವರ್ಷವರ್ಷವೂ ಬಾಯಿ ಪರೀಕ್ಷೆ ಮಾಡಿ, ಎದುರು ಕೂತು ಬುದ್ಧಿ ಹೇಳಿದರು. ಪೋಸ್ಟರು, ಸಿನಿಮಾ ಕೂಡ ಇದ್ದವು. ಪೂರ್ತಿ ಬಿಟ್ಟವರು ಬಹಳವೇನಲ್ಲ, ಕಡಿಮೆ ಮಾಡಿದವರೇ ಹೆಚ್ಚು. ಆದರೂ ಐದು ವರ್ಷದ ಲೆಕ್ಕ ತೆಗೆದಾಗ ಎರ್ನಾಕುಲಂನ ಗಂಡಸರಲ್ಲಿ ಹೊಸದಾಗಿ ಲ್ಯೂಕೋಪ್ಲೇಕಿಯಾ ಬರುವ ಪ್ರಮಾಣ ಮೊದಲು ಹಿಂಬಾಲಿಸಿದ್ದ ಹಳೆಯ ಗುಂಪಿಗೆ ಹೋಲಿಸಿದರೆ ಸುಮಾರು ನಾಲ್ಕನೇ ಒಂದಕ್ಕೆ ಇಳಿದಿತ್ತು. ಹೆಂಗಸರಲ್ಲಿ ಇನ್ನೂ ಕೆಳಗೆ. 1986ರಲ್ಲಿ 'ಲ್ಯಾನ್ಸೆಟ್' ಇದನ್ನು ಪ್ರಕಟಿಸಿತು. ಹಳೆಯ ಗುಂಪಿನ ಜೊತೆ ಹೋಲಿಸಿದ್ದು ತುಸು ಕಚ್ಚಾ ವಿಧಾನ, ನಡುವೆ ಕಾಲವೂ ಬದಲಾಗಿತ್ತಲ್ಲ ಎಂದು ತಕರಾರು ತೆಗೆಯಬಹುದು. ತೆಗೆಯಲಿ. ಇಳಿತದ ಗಾತ್ರ ನೋಡಿದರೆ ಆ ತಕರಾರು ನನಗೆ ದೊಡ್ಡದಾಗಿ ಕಾಣುವುದಿಲ್ಲ.

ನಮ್ಮಲ್ಲೂ ಇಂಥದ್ದು ನಡೆದಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರು 1980ರ ದಶಕದಲ್ಲಿ ಶುರುಮಾಡಿ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ತಂಬಾಕು ಬಿಡಿಸುವ ಶಿಕ್ಷಣ ಕೊಟ್ಟರು. ಹೋಲಿಕೆಗಿಟ್ಟ ಹಳ್ಳಿಗಳಲ್ಲಿ ಬಿಟ್ಟವರು ಬೆರಳೆಣಿಕೆಯಷ್ಟು. ಇವರು ಓಡಾಡಿದ ಹಳ್ಳಿಗಳಲ್ಲಿ ಬಿಟ್ಟವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ಅದರಲ್ಲೂ ಹೆಂಗಸರು ಮುಂದು.

ಅದೇ ಜನರ ಬಳಿ ಇಷ್ಟು ಸಲ ಹೋಗುವ ಅಗತ್ಯವಾದರೂ ಏನು? ಉತ್ತರ ಸುಣ್ಣದ ಡಬ್ಬಿಯಲ್ಲೂ ಇದೆ. ಆಮ್ಲದಲ್ಲಿ ನಿಕೋಟಿನ್ ಅಣು ವಿದ್ಯುದಂಶ ಹೊತ್ತುಕೊಂಡಿರುತ್ತದೆ, ಬಾಯಿಯ ತೆಳುಪೊರೆಯನ್ನು ಸುಲಭವಾಗಿ ದಾಟಲಾರದು. ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿದರೆ ಅದು ಕ್ಷಾರವಾಗುತ್ತದೆ, ಅಣು ವಿದ್ಯುದಂಶ ಕಳಚಿಕೊಂಡು ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ. ಕಡ್ಡಿಪುಡಿ ತಿನ್ನುವ ಅಜ್ಜಿಗೆ ಈ ರಸಾಯನಶಾಸ್ತ್ರ ಅಂಗೈಯಲ್ಲೇ ಗೊತ್ತು. ಮಿದುಳು ಈ ಸರಬರಾಜಿಗೆ ಒಗ್ಗಿಕೊಳ್ಳುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ತಾಸಿಗೆ ಅರ್ಧಕ್ಕಿಳಿಯುವುದರಿಂದ ಕೈ ಮತ್ತೆ ಡಬ್ಬಿಗೆ ಹೋಗುತ್ತದೆ. ಈ ಚಟ ಹೊಲದ ಜೇಕಿನಂತೆ. ಮೇಲಿನ ಗರಿ ಕಿತ್ತರೆ ಹೊಲ ಚೊಕ್ಕಟವಾಗಿ ಕಾಣುತ್ತದೆ, ಮಣ್ಣೊಳಗಿನ ಗಡ್ಡೆ ವಾರದಲ್ಲಿ ಮತ್ತೆ ಚಿಗುರುತ್ತದೆ. ಒಂದೇ ಸಲ ಕಿತ್ತು ಜೇಕು ಹೋಯಿತೆಂದು ಯಾವ ರೈತನೂ ನಂಬುವುದಿಲ್ಲ. ಬೆನ್ನುಬೆನ್ನಿಗೆ ಕಿತ್ತರೆ ಗಡ್ಡೆಯ ಕಸುವು ಸೋರುತ್ತದೆ. ತಂಬಾಕು ಬಿಟ್ಟು ಮತ್ತೆ ಹಿಡಿದವರನ್ನು ನಾವು 'ಮನಸ್ಸು ಗಟ್ಟಿಯಿಲ್ಲದವರು' ಎಂದು ಮೂದಲಿಸುತ್ತೇವಲ್ಲ, ಗಡ್ಡೆಯ ವಿಚಾರ ಮರೆತು ಆಡುವ ಮಾತು ಅದು.

ಎದುರು ಕೂತು ಹೇಳುವ ಮಾತಿಗೆ ಬಲವಿದೆ ಎಂಬುದನ್ನು ಲಂಡನ್ನಿನ ಸಂಶೋಧಕ ಮೈಕೆಲ್ ರಸೆಲ್ 1979ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೇಳುತ್ತದೆ. ಸಾಮಾನ್ಯ ವೈದ್ಯರು ಒಂದೆರಡು ನಿಮಿಷ ಬುದ್ಧಿ ಹೇಳಿ, ಕರಪತ್ರ ಕೊಟ್ಟು, ಮುಂದೆ ವಿಚಾರಿಸುವುದಾಗಿ ಎಚ್ಚರಿಸಿದರು. ವರ್ಷದ ಕೊನೆಗೆ ಶೇ 5.1 ಮಂದಿ ಬಿಟ್ಟಿದ್ದರು. ಏನೂ ಹೇಳಿಸಿಕೊಳ್ಳದವರಲ್ಲಿ ಶೇ 0.3. ಕೇಳಲು ಸಣ್ಣ ಸಂಖ್ಯೆ. ಆದರೆ ಎಲ್ಲ ವೈದ್ಯರೂ ಎಲ್ಲ ರೋಗಿಗಳಿಗೂ ಹೇಳಿದರೆ ಎಷ್ಟಾಗುತ್ತದೆ, ಗುಣಿಸಿ ನೋಡಿ.

ನಮ್ಮ ವೈದ್ಯರು ಹೇಳುತ್ತಾರೆಯೇ? ಮೊದಲು ಹೇಳಿದ ಸಮೀಕ್ಷೆಯ ಪ್ರಕಾರ ಚಿಕಿತ್ಸೆಗೆ ಬಂದ ಧೂಮಪಾನಿಗಳಲ್ಲಿ ಶೇ 48.8 ಮಂದಿಗೆ ಬಿಡುವ ಸಲಹೆ ಸಿಕ್ಕಿತ್ತು, ಜಗಿಯುವವರಲ್ಲಿ ಶೇ 31.7 ಮಂದಿಗೆ ಮಾತ್ರ. ಹೊಗೆ ಬಂದರಷ್ಟೇ ತಂಬಾಕು ಎಂಬ ಭ್ರಮೆ ಆಸ್ಪತ್ರೆಯೊಳಗೂ ಇದೆ. ಆಗ ದೇಶದಲ್ಲಿ ಜಗಿಯುವ, ತಿಕ್ಕುವ ಬಳಕೆ ಶೇ 21.4, ಸೇದುವುದು ಶೇ 10.7 ಇತ್ತು ಎಂಬುದನ್ನು ನೆನೆದರೆ ಇದು ಸಣ್ಣ ಲೋಪವಲ್ಲ. (ಅಡಿಕೆ ಬೆಳೆಗಾರ ಮಿತ್ರರು ಮುನಿಸಿಕೊಳ್ಳುತ್ತಾರೆ, ಆದರೂ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಿಂದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ.)

ಗುಟ್ಕಾ ನಿಷೇಧದ ಬಗ್ಗೆ ನನಗೆ ಅಂಥ ಉತ್ಸಾಹವಿಲ್ಲ. ಕರ್ನಾಟಕ 2013ರಲ್ಲಿ ನಿಷೇಧಿಸಿತು. ಕಂಪನಿಗಳು ಪಾನ್ ಮಸಾಲೆಯನ್ನು ಒಂದು ಸ್ಯಾಚೆಟ್ಟಿನಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ತುಂಬಿ ಅಕ್ಕಪಕ್ಕ ತೂಗುಹಾಕಿದವು. ಬೆರೆಸುವ ಕೆಲಸ ಗಿರಾಕಿಯದು.

ಈಗ ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ನಮೂನೆ ಹಿಡಿದು ಬರುತ್ತಾರೆ. ಅದರಲ್ಲಿ ಬೀಡಿ, ಸಿಗರೇಟು, ಗುಟ್ಕಾ, ಖೈನಿಯ ಪ್ರಶ್ನೆಯೂ ಇದೆ, ದಿನವೂ ಬಳಸಿದರೆ ಅಪಾಯದ ಲೆಕ್ಕಕ್ಕೆ 2 ಅಂಕ. ಬಾಯಿ ಪರೀಕ್ಷೆಯೂ ಈ ಸರ್ಕಾರಿ ಕಾರ್ಯಕ್ರಮದಲ್ಲಿದೆ, ಐದು ವರ್ಷಕ್ಕೊಮ್ಮೆ. ಎರ್ನಾಕುಲಂನಲ್ಲಿ ಮೆಹ್ತಾ ತಂಡದವರು ವರ್ಷಕ್ಕೊಮ್ಮೆ ಬರುತ್ತಿದ್ದರು. ನಡುವಿನ ನಾಲ್ಕು ವರ್ಷ ಯಾರಾದರೂ ವಿಚಾರಿಸಿಕೊಳ್ಳಬೇಕಲ್ಲ? ಅದಕ್ಕೆ ಸದ್ಯ ಇರುವುದು 1800-11-2356 ಎಂಬ ಉಚಿತ ಸಹಾಯವಾಣಿ. ದಕ್ಷಿಣದ ಕರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಕರೆ ನೀವು ಮಾಡಿದರೆ ಆಮೇಲೆ ಅವರೇ ಮತ್ತೆ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ.