ಮನೆಯ ಮಾಳಿಗೆ: ರಿಪೇರಿ ಸಾಕೆ, ಬದಲಿಸಬೇಕೆ?



ಎತ್ತು ಒಂದು ಹೊತ್ತು ಮೇವು ಬಿಟ್ಟರೆ ನಾವು ಅದರ ಬಾಯಿ ಬಿಡಿಸಿ ನೋಡುತ್ತೇವೆ. ಭತ್ತದ ಗರಿ ಹಳದಿಯಾದರೆ ಗದ್ದೆಗಿಳಿದು ಬುಡ ಕಿತ್ತು ನೋಡುತ್ತೇವೆ. ಆದರೆ ಹಗಲಿರುಳು ನಮ್ಮ ನೆತ್ತಿಯ ಮೇಲೆಯೇ ಇರುವ ಚಾವಣಿಯನ್ನು ನಾವು ತಲೆಯೆತ್ತಿ ನೋಡುವುದು ಅದು ಸೋರಿದಾಗ ಮಾತ್ರ. ಸೋರುವ ಕಡೆ ಒಂದು ಪಾತ್ರೆ ಇಟ್ಟು, ಮಳೆ ನಿಂತ ಮೇಲೆ ನಾಲ್ಕು ಬುಟ್ಟಿ ಮಣ್ಣು ಹಾಕಿಸಿದರೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಪ್ರತಿ ಮಳೆಗಾಲದಲ್ಲೂ ಹಳೆಯ ಮಾಳಿಗೆಗಳು ರಾತ್ರಿ ಹೊತ್ತು ಕುಸಿದು, ಮಲಗಿದ್ದವರೂ ಕಟ್ಟಿದ ದನಗಳೂ ಮಣ್ಣಿನಡಿ ಸಿಕ್ಕ ಸುದ್ದಿಯನ್ನು ನೀವು ಓದುತ್ತಲೇ ಇರುತ್ತೀರಿ. ಇಂತಹ ಮಾಳಿಗೆಗಳಲ್ಲಿ ಹೆಚ್ಚಿನವು ಬೀಳುವ ಮೊದಲು ಸೂಚನೆ ಕೊಟ್ಟೇ ಇರುತ್ತವೆ. ಆ ಸೂಚನೆಗಳನ್ನು ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ಸೀಮೆಯ ಚಾವಣಿಗಳು

ದಾವಣಗೆರೆ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 650 ಮಿ.ಮೀ. ಮಳೆ ಕಡಿಮೆ, ಬಿಸಿಲು ಹೆಚ್ಚು. ಆದುದರಿಂದಲೇ ಹಿರಿಯರು ತೊಲೆ, ಜಂತೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ ಮನೆಗಳನ್ನು ಕಟ್ಟಿದರು. ಬೇಸಿಗೆಯಲ್ಲಿ ಇವು ತಂಪು. ಕಾಳು ಒಣಗಿಸಲು ಮೇಲೊಂದು ಕಣವೂ ಸಿಕ್ಕಂತಾಯಿತು. ಹರಿಹರ ದಾಟಿ ಹೊನ್ನಾಳಿ, ಶಿವಮೊಗ್ಗದ ಕಡೆಗೆ ಹೋದಂತೆ ಮಳೆ ಹೆಚ್ಚುತ್ತದೆ. ಇಳಿಜಾರಿನ ಹೆಂಚಿನ ಮನೆಗಳೂ ಹೆಚ್ಚುತ್ತವೆ. ಇವೆರಡರ ಜೊತೆಗೆ ದನದ ಕೊಟ್ಟಿಗೆಗೆ ತಗಡು, ಸಿಮೆಂಟ್ ಶೀಟು, ಪೇಟೆಯ ಮನೆಗಳಿಗೆ ಆರ್.ಸಿ.ಸಿ. ಬಂದಿವೆ. ಒಂದೇ ಊರಿನಲ್ಲಿ ಈ ಎಲ್ಲ ಬಗೆಯೂ ಉಂಟು. ಒಂದೊಂದರ ರೋಗವೂ ಬೇರೆ.

ಹೊದಿಕೆ ಬೇರೆ, ಹೊರುವ ಅಂಗ ಬೇರೆ

ಚಾವಣಿಗೆ ಎರಡು ಅಂಗಗಳಿವೆ. ನೀರು, ಬಿಸಿಲು ತಡೆಯುವ ಹೊದಿಕೆ ಒಂದು: ಮಣ್ಣು, ಹೆಂಚು, ತಗಡು. ಆ ಹೊದಿಕೆಯನ್ನು ಹೊರುವ ಅಂಗ ಇನ್ನೊಂದು: ತೊಲೆ, ಜಂತೆ, ಕಂಬ, ಗೋಡೆ. ಸೋರುವುದು ಹೊದಿಕೆಯ ರೋಗ. ಅದಕ್ಕೆ ರಿಪೇರಿ ಸಾಕು. ಬಾಗುವುದು, ಬಿರಿಯುವುದು, ಒಳಗೇ ಪುಡಿಯಾಗುವುದು ಹೊರುವ ಅಂಗದ ರೋಗ. ಅದಕ್ಕೆ ಬದಲಾವಣೆಯೇ ಮದ್ದು. ಸೋರುವ ಚಾವಣಿಯೆಲ್ಲ ಬೀಳುವುದಿಲ್ಲ, ಸೋರದ ಚಾವಣಿಯೆಲ್ಲ ಭದ್ರವೂ ಅಲ್ಲ ಎಂಬುದನ್ನು ಮರೆಯಬಾರದು.

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದನು. ಎಂಟುನೂರು ವರ್ಷಗಳ ಮಳೆ ಕಂಡ ಅದರ ಮಂಟಪದಲ್ಲಿ ನಿಂತು ಮೇಲೆ ನೋಡಿ. ಚಪ್ಪಡಿಯ ಭಾರ ಕಲ್ಲಿನ ತೊಲೆಗೆ, ತೊಲೆಯ ಭಾರ ಕಂಬಕ್ಕೆ, ಕಂಬದ ಭಾರ ನೆಲಕ್ಕೆ ನೇರವಾಗಿ ಇಳಿದಿದೆ. ನಮ್ಮ ಮಾಳಿಗೆಯ ಲೆಕ್ಕವೂ ಇದೇ. ವ್ಯತ್ಯಾಸವೆಂದರೆ, ನಮ್ಮ ತೊಲೆ ಮರದ್ದು. ಅದಕ್ಕೆ ಗೆದ್ದಲೂ ಉಂಟು, ಆಯಸ್ಸೂ ಉಂಟು.

ಮಣ್ಣಿನ ಮಾಳಿಗೆಯ ಭಾರದ ಲೆಕ್ಕ

ಮಾಳಿಗೆಯ ಮೇಲೆ ಕರಲು ಅಥವಾ ಚೌಳು ಮಣ್ಣು ಹಾಕುವ ರೂಢಿ ಒಳ್ಳೆಯದೇ. ಸೋಡಿಯಂ ಹೆಚ್ಚಿರುವ ಈ ಮಣ್ಣು ನೆನೆದಾಗ ಅದರ ಕಣಗಳು ಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಹೊಲದಲ್ಲಿ ನೀರು ಇಂಗಗೊಡದೆ ನಮ್ಮನ್ನು ಕಾಡುವ ಗುಣವೇ ಮಾಳಿಗೆಯ ಮೇಲೆ ಉಪಕಾರಿ. ಎರೆ ಮಣ್ಣು ಮಾತ್ರ ಬೇಡ. ಒಣಗಿದಾಗ ಅದು ಬಿರುಕು ಬಿಟ್ಟು ನೀರಿಗೆ ದಾರಿ ಮಾಡುತ್ತದೆ.

ತೊಂದರೆ ಇರುವುದು ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಕುತ್ತಾ ಹೋಗುವುದರಲ್ಲಿ. ಲೆಕ್ಕ ಹಾಕಿ ನೋಡಿ. 10 ಅಡಿ ಅಗಲ, 12 ಅಡಿ ಉದ್ದದ ಅಂಕಣದ ಮೇಲೆ ಒಂದೇ ಒಂದು ಅಂಗುಲ ಮಣ್ಣು ಹಾಕಿದರೆ ಅದು 10 ಘನ ಅಡಿ. ಬಡಿದು ಕೂರಿಸಿದ ಒಣ ಮಣ್ಣು ಘನ ಅಡಿಗೆ ಸುಮಾರು 45 ಕೆ.ಜಿ. ತೂಗುತ್ತದೆ. ಎಂದರೆ ಒಂದು ಅಂಗುಲಕ್ಕೆ ನಾಲ್ಕೂವರೆ ಕ್ವಿಂಟಲ್, ಒಂಬತ್ತು ಚೀಲ ಸಿಮೆಂಟಿನ ಭಾರ. ಎರಡು ವರ್ಷಕ್ಕೊಮ್ಮೆ ಒಂದು ಅಂಗುಲ ಹಾಕಿದರೆ ಇಪ್ಪತ್ತು ವರ್ಷಕ್ಕೆ 45 ಕ್ವಿಂಟಲ್ ಆಯಿತು. ಅರ್ಧದಷ್ಟು ಮಳೆಗೆ ಕೊಚ್ಚಿಹೋಯಿತೆಂದರೂ 22 ಕ್ವಿಂಟಲ್ ಉಳಿಯಿತು. ಮಾಳಿಗೆ ಕಟ್ಟಿದಾಗ ಈ ಭಾರ ಇರಲಿಲ್ಲ. ಭಾರ ಹೆಚ್ಚಿತು, ತೊಲೆಗೆ ವಯಸ್ಸಾಯಿತು.

ಇದರ ಮೇಲೆ ಜಡಿಮಳೆ ಹಿಡಿದರೆ ಮೂರು ಕೇಡು ಒಟ್ಟಿಗೆ ಬರುತ್ತವೆ. ನೆನೆದ ಮಣ್ಣು ಒಣ ಮಣ್ಣಿಗಿಂತ ಐದರಲ್ಲಿ ಒಂದು ಪಾಲಿನಷ್ಟು ಹೆಚ್ಚು ತೂಗಬಹುದು. ನೀರು ಕುಡಿದ ಮರದ ಬಲ ಕುಗ್ಗುತ್ತದೆ. ಮಣ್ಣಿನ ಗೋಡೆಯೂ ಮೆದುವಾಗುತ್ತದೆ. ಒಂದು ಗಂಟೆ ಜೋರಾಗಿ ಸುರಿದು ಹೋಗುವ ಮಳೆಗಿಂತ ನಾಲ್ಕೈದು ದಿನ ಬಿಡದೆ ಹಿಡಿಯುವ ಮಳೆಗೆ ಮಾಳಿಗೆಗಳು ಹೆಚ್ಚು ಬೀಳುವುದು ಈ ಕಾರಣದಿಂದ.

ಮಣ್ಣಿನ ದಪ್ಪ ತಿಳಿಯಲು ಒಂದು ಕಡೆ ಗುಂಡಿ ತೋಡಿ ಅಳೆಯಿರಿ. ಒಂದು ಅಡಿಗಿಂತ ಹೆಚ್ಚಿದ್ದರೆ ಹೊಸ ಮಣ್ಣು ಹಾಕುವ ಮಾತೇ ಬೇಡ. ಮೊದಲು ಕೆಳಗಿನಿಂದ ಆಸರೆ ಕಂಬ ಕೊಟ್ಟು, ಮೇಲಿನ ಮಣ್ಣನ್ನು ಎಲ್ಲ ಕಡೆಯಿಂದಲೂ ಸಮನಾಗಿ ಕೆರೆದು ಇಳಿಸಿರಿ. ತೆಗೆದ ಮಣ್ಣನ್ನು ಮಾಳಿಗೆಯ ಒಂದೇ ಮೂಲೆಯಲ್ಲಿ ಗುಡ್ಡೆ ಹಾಕಬೇಡಿ.

ದಬ್ಬಣ ಮತ್ತು ದಾರ

ಹೊರುವ ಅಂಗವನ್ನು ಪರೀಕ್ಷಿಸಲು ಮನೆಯಲ್ಲಿರುವ ವಸ್ತುಗಳೇ ಸಾಕು.

ದಬ್ಬಣದ ಪರೀಕ್ಷೆ: ತೊಲೆ ನಡುವೆ ಮುರಿಯುತ್ತದೆಂದು ಎಲ್ಲರೂ ನಡುವನ್ನೇ ನೋಡುತ್ತಾರೆ. ಆದರೆ ತೊಲೆ ಮೊದಲು ಕೊಳೆಯುವುದು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಅಲ್ಲಿ ತೇವ ಆರುವುದಿಲ್ಲ, ಗಾಳಿ ಆಡುವುದಿಲ್ಲ. ಗೆದ್ದಲು ಬರುವುದೂ ಗೋಡೆಯ ಮೂಲಕವೇ. ಏಣಿ ಹಾಕಿ, ಗೋಡೆಯ ಪಕ್ಕದಲ್ಲೇ ತೊಲೆಗೆ ದಬ್ಬಣ ಒತ್ತಿ ನೋಡಿ. ಗಟ್ಟಿ ಮರಕ್ಕೆ ಅದು ಕಾಳಿನಷ್ಟೂ ಇಳಿಯದು. ಅರ್ಧ ಅಂಗುಲ ಸಲೀಸಾಗಿ ಇಳಿದರೆ ಒಳಗೆ ಕೊಳೆತಿದೆ ಎಂದೇ ತಿಳಿಯಿರಿ. ಕುಡುಗೋಲಿನ ಹಿಡಿಯಿಂದ ಬಡಿದೂ ನೋಡಿ: ಗಟ್ಟಿ ಮರ ಟಣ್ ಎನ್ನುತ್ತದೆ, ಟೊಳ್ಳು ಮರ ಡಬ್ ಎನ್ನುತ್ತದೆ. ಮರದ ಮೇಲೆ ಮಣ್ಣಿನ ಕೊಳವೆ ಕಂಡರೆ ಗೆದ್ದಲು, ನೆಲದ ಮೇಲೆ ಹಿಟ್ಟಿನಂತಹ ಪುಡಿ ಬಿದ್ದಿದ್ದರೆ ಕುಟ್ಟೆ ಹುಳು.

ದಾರದ ಪರೀಕ್ಷೆ: ತೊಲೆಯ ಎರಡು ತುದಿಗಳ ಅಡಿಯಲ್ಲಿ ಬಿಗಿಯಾಗಿ ದಾರ ಹಿಡಿದು, ನಡುವೆ ತೊಲೆ ದಾರಕ್ಕಿಂತ ಎಷ್ಟು ಕೆಳಗೆ ಇಳಿದಿದೆ ಎಂದು ಅಳೆದು, ಅಳತೆಯನ್ನೂ ತಾರೀಖನ್ನೂ ಗೋಡೆಯ ಮೇಲೆ ಬರೆದಿಡಿ. ಹಳೆಯ ತೊಲೆ ಸ್ವಲ್ಪ ಬಾಗಿರುವುದು ಸಹಜ. ಬಾಗು ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಅಳೆಯಿರಿ. ಬಾಗು ಹೆಚ್ಚಿದ್ದರೆ ಆ ತೊಲೆಯ ಕಾಲ ಮುಗಿಯಿತು.

ಗೋಡೆಯ ಬಿರುಕಿಗೂ ಹೀಗೆಯೇ ಮಾಡಬಹುದು. ಬಿರುಕಿನ ಮೇಲೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿ ತಾರೀಖು ಹಾಕಿ. ಕಾಗದ ಹರಿದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ.

ಒಂದೆರಡು ಜಂತೆ ಮಾತ್ರ ಕೆಟ್ಟಿದ್ದರೆ ಅವನ್ನಷ್ಟೇ ಬದಲಿಸಬಹುದು. ಆದರೆ ತೊಲೆಗಳ ತುದಿ ಕೊಳೆತು, ಜಂತೆಗಳಲ್ಲಿ ಮೂರರಲ್ಲಿ ಒಂದು ಪಾಲು ಟೊಳ್ಳಾಗಿದ್ದರೆ ಬಿಡಿ ರಿಪೇರಿಗೆ ಹಣ ಹಾಕುವುದು ವ್ಯರ್ಥ. ಇಡೀ ಮಾಳಿಗೆ ಇಳಿಸುವುದೇ ಲೇಸು.

ಹೆಂಚಿನ ಚಾವಣಿ

ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ನಾಡೆಲ್ಲ ಹರಡಿತು. ಒಳ್ಳೆಯ ಹೆಂಚಿಗೆ ದೀರ್ಘಾಯುಸ್ಸು. ಮೊದಲು ಕೆಡುವುದು ಅದರ ಕೆಳಗಿನ ರೀಪು. ಚಾವಣಿಯನ್ನು ದೂರದಿಂದ ನೋಡಿ. ಹೆಂಚಿನ ಸಾಲು ನೆಟ್ಟಗಿದ್ದರೆ ಚಿಂತೆಯಿಲ್ಲ, ಒಡೆದ ಹೆಂಚು ಬದಲಿಸಿದರೆ ಸಾಕು. ಸಾಲು ಅಲೆಯಂತೆ ಡೊಂಕಾಗಿದ್ದರೆ, ಅಥವಾ ನೆತ್ತಿ ನಡುವೆ ತಗ್ಗಿದ್ದರೆ ರೀಪು, ಪಕಾಸಿ ಸೋತಿವೆ.

ಹೆಂಚು ಹಳತಾಗಿದೆಯೇ ಎಂದು ತಿಳಿಯಲು, ಚೆನ್ನಾಗಿ ಒಣಗಿದ ಹೆಂಚನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿರಿ. ಎರಡೂವರೆ ಕೆ.ಜಿ. ಹೆಂಚು ನೆನೆದು ಮೂರು ಕೆ.ಜಿ. ದಾಟಿದರೆ ಅದು ನೀರು ಕುಡಿಯುವ ಹೆಂಚು. ನಾಲ್ಕೈದು ಕಡೆಯ ಹೆಂಚು ತೆಗೆದು ನೋಡಿ. ಎಲ್ಲವೂ ಹೀಗೆಯೇ ಇದ್ದರೆ ಬದಲಿಸುವ ಕಾಲ ಬಂದಿದೆ.

ತಗಡು ಮತ್ತು ಸಿಮೆಂಟ್ ಶೀಟು

ಮಟಮಟ ಮಧ್ಯಾಹ್ನ ಕೊಟ್ಟಿಗೆಯ ಬಾಗಿಲು, ಕಿಟಕಿ ಮುಚ್ಚಿ ಒಳಗೆ ನಿಂತು ಮೇಲೆ ನೋಡಿ. ತಗಡಿನಲ್ಲಿ ನಕ್ಷತ್ರದಂತೆ ಅಲ್ಲಲ್ಲಿ ಬೆಳಕು ಕಂಡರೆ ಆ ತಗಡು ತುಕ್ಕಿಗೆ ತೂತಾಗಿದೆ. ಬೋಲ್ಟಿನ ಸುತ್ತ ಮಾತ್ರ ತೂತಿದ್ದರೆ ಹೊಸ ವಾಷರ್ ಹಾಕಿ ಬಿಗಿಸಬಹುದು. ತೂತು ಎಲ್ಲೆಡೆ ಇದ್ದರೆ ಬದಲಿಸಿರಿ. ಬೇಸಿಗೆ ಕೊನೆಯ ಬಿರುಗಾಳಿಗೆ ತಗಡು ಹಾರುವುದು ಅಂಚಿನಿಂದ. ಅಂಚಿನ ಬೋಲ್ಟುಗಳನ್ನು ಪ್ರತಿ ವರ್ಷ ನೋಡಬೇಕು. ತಗಡಿನ ಮೇಲೆ ಕಲ್ಲು ಹೇರುವುದು ಅಪಾಯ. ಗಾಳಿಗೆ ತಗಡಿನ ಜೊತೆ ಕಲ್ಲೂ ಬೀಳುತ್ತದೆ.

ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಇಂತಹ ಶೀಟು ಬಿರಿದಿದ್ದರೆ, ಅಂಚು ಪುಡಿಯಾಗುತ್ತಿದ್ದರೆ ತೆಗೆಸಬೇಕು. ಆದರೆ ಒಡೆದು ತೆಗೆಯಬಾರದು, ಒಣ ಶೀಟನ್ನು ಕೊಯ್ಯಬಾರದು. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿರಿ. ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ, ಮಕ್ಕಳು ದೂರವಿರಲಿ. ಇನ್ನೊಂದು ಮಾತು: ಈ ಶೀಟಿನ ಮೇಲೆ ಎಂದೂ ನೇರವಾಗಿ ಕಾಲಿಡಬೇಡಿ. ಹಳೆಯ ಶೀಟು ಒಮ್ಮೆಲೇ ಒಡೆಯುತ್ತದೆ. ಕೆಳಗಿನ ಆಧಾರಗಳಿಗೆ ಅಡ್ಡಲಾಗಿ ಹಲಗೆ ಹಾಸಿಕೊಂಡೇ ಕೆಲಸ ಮಾಡಬೇಕು.

ಆರ್.ಸಿ.ಸಿ. ಚಾವಣಿ

ಸಿಮೆಂಟಿನ ಚಾವಣಿಗೆ ಸಾವಿಲ್ಲವೆಂಬುದು ತಪ್ಪು ತಿಳಿವಳಿಕೆ. ನೀರು ಇಂಗಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ, ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಉಬ್ಬಿದ ತುಕ್ಕು ಕಾಂಕ್ರೀಟನ್ನು ಸಿಡಿಸುತ್ತದೆ. ಒಳಗಿನಿಂದ ಕಂದು ಬಣ್ಣದ ಗೆರೆ, ಕಂಬಿಯ ಉದ್ದಕ್ಕೂ ನೇರವಾದ ಬಿರುಕು, ಹಕ್ಕಳೆ ಎದ್ದು ಬೀಳುವ ಗಾರೆ, ಬಡಿದರೆ ಟೊಳ್ಳು ಸದ್ದು, ಇವು ಅದರ ಲಕ್ಷಣಗಳು. ಒಂದೆರಡು ಕಡೆ ಮಾತ್ರ ಇದ್ದರೆ ಎಂಜಿನಿಯರ್ ಸಲಹೆಯಂತೆ ದುರಸ್ತಿ ಮಾಡಿಸಬಹುದು. ಕಂಬಿ ತೆಳ್ಳಗಾಗಿ ಚಾವಣಿ ನಡುವೆ ಜೋತಿದ್ದರೆ ಬದಲಿಸಲೇಬೇಕು. ಕೆಳಗಿನಿಂದ ಗಾರೆ ಮೆತ್ತಿ ಸುಣ್ಣ ಬಳಿದರೆ ಕಣ್ಣಿಗೆ ಮರೆಯಾಗುವುದೇ ಹೊರತು ರೋಗ ನಿಲ್ಲದು. ಮೇಲೆ ಪದರದ ಮೇಲೆ ಪದರ ಗಾರೆ ಹಾಕುವುದೂ ಮಾಳಿಗೆಗೆ ಮಣ್ಣು ಹೇರಿದಂತೆಯೇ.

ಕೂಡಲೇ ಮನೆ ಬಿಡಬೇಕಾದ ಲಕ್ಷಣಗಳು

ಮಳೆ ಹಿಡಿದಿರುವಾಗ ಕೆಳಗಿನ ಯಾವುದೇ ಒಂದು ಲಕ್ಷಣ ಕಂಡರೂ ಬೆಳಗಾಗಲೆಂದು ಕಾಯಬೇಡಿ:

1. ಜಂತೆಗಳ ನಡುವಿನಿಂದ ಮಣ್ಣು ತಾನಾಗಿಯೇ ಉದುರುವುದು.
2. ತೊಲೆಯಿಂದ ಚಟಪಟ ಸದ್ದು ಬರುವುದು.
3. ಸಲೀಸಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿನಲ್ಲಿ ಬಿಗಿಯುವುದು.
4. ಗೋಡೆ ಹೊರಕ್ಕೆ ಉಬ್ಬುವುದು, ಅಥವಾ ಮೂಲೆಯಲ್ಲಿ ಹೊಸ ಬಿರುಕು ಮೂಡುವುದು.

ಮೊದಲು ಮಕ್ಕಳು, ವೃದ್ಧರು ಹೊರಗೆ ಬರಲಿ. ದನಗಳ ಹಗ್ಗ ಬಿಚ್ಚಿ. ಕಾಳಿನ ಚೀಲಕ್ಕಾಗಿ ಮತ್ತೆ ಒಳಗೆ ಹೋಗಬೇಡಿ. ಮಾಳಿಗೆ ಏರಿ ನೀರು ಬಿಡಿಸುವ ಸಾಹಸವೂ ಆಗ ಬೇಡ. ನಿಮ್ಮ ಭಾರವೇ ಅದಕ್ಕೆ ಕೊನೆಯ ಭಾರವಾದೀತು.

ನದಿಯಂಚಿನವರು ಇನ್ನೊಂದು ವಿಷಯ ಗಮನಿಸಬೇಕು. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹರಿಹರ, ಹೊನ್ನಾಳಿಯ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು. ಇಂತಹ ಸಂದರ್ಭದಲ್ಲಿ ನೀರು ಇಳಿದ ಮೇಲೂ ಅಪಾಯ ಇಳಿದಿರುವುದಿಲ್ಲ. ನೆನೆದ ಗೋಡೆಯ ಬುಡ ಪೂರ್ತಿ ಒಣಗಿ, ಪರೀಕ್ಷಿಸುವವರೆಗೆ ಆ ಮಾಳಿಗೆಯ ಕೆಳಗೆ ಮಲಗಬಾರದು.

ನೋಡುವ ಕಾಲ, ಮಾಡುವ ಕಾಲ

ಸೋರುವ ಜಾಗ ಗುರುತಿಸಲು ಮಳೆಗಾಲವೇ ತಕ್ಕ ಕಾಲ. ಸೋರಿದ ಕಡೆ ಇದ್ದಿಲಿನಿಂದ ಗುರುತು ಹಾಕಿಡಿ. ಕೆಲಸಕ್ಕೆ ತಕ್ಕ ಕಾಲ ಸುಗ್ಗಿ ಮುಗಿದ ನಂತರದ ಒಣ ತಿಂಗಳುಗಳು. ಭದ್ರಾ ನಾಲೆಯ ಬಯಲಿನವರಿಗೆ ಬೇಸಿಗೆ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಮುಂಗಾರು ಬಾಗಿಲಿಗೆ ಬಂದಿರುತ್ತದೆ. ಆದುದರಿಂದ ಅವರು ಮಳೆಗಾಲದ ಬೆಳೆಯ ಹಣದಲ್ಲೇ ಚಾವಣಿಗೆ ಒಂದು ಪಾಲು ತೆಗೆದಿಟ್ಟು, ಶಿವರಾತ್ರಿಯ ಆಸುಪಾಸಿನಲ್ಲಿ ಕೆಲಸ ಮುಗಿಸುವುದು ಉತ್ತಮ. ಪೂರ್ತಿ ಬದಲಿಸಲು ಶಕ್ತಿ ಇಲ್ಲದವರು ಈ ವರ್ಷಕ್ಕೆ ಮಣ್ಣಿನ ಭಾರ ಇಳಿಸಿ, ಸೋತ ತೊಲೆಯ ಕೆಳಗೆ ಗಟ್ಟಿ ನೆಲದ ಮೇಲೆ ಹಲಗೆ ಇಟ್ಟು ಆಸರೆ ಕಂಬ ನಿಲ್ಲಿಸಲಿ. ಮಲಗುವ ಜಾಗವನ್ನಾದರೂ ಬದಲಿಸಲಿ.

ಸರ್ಕಾರದ ವಸತಿ ಯೋಜನೆಗಳ ನೆರವನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿರಿ. 2019ರ ಪ್ರವಾಹದ ನಂತರ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತ್ತು. ಆದರೆ ಪರಿಹಾರ ಬರುವುದು ಮನೆ ಬಿದ್ದ ಮೇಲೆ. ಹೋದ ಜೀವಕ್ಕೆ ಅದರಿಂದ ಪರಿಹಾರವಿಲ್ಲ.

ಇಂದೇ ಸಂಜೆ ಒಂದು ಏಣಿ, ಒಂದು ದಬ್ಬಣ, ತೊಲೆಯ ಉದ್ದಕ್ಕೆ ಸಾಕಾಗುವಷ್ಟು ದಾರ ತೆಗೆದುಕೊಳ್ಳಿ. ಮಕ್ಕಳು ಮಲಗುವ ಅಂಕಣದಿಂದಲೇ ಆರಂಭಿಸಿರಿ.